ಇದ್ದರೂ ಇಷ್ಟರೊಳಗೇ

ತೋಕಾಯಿ ಕಡಲತೀರ. ಜನವರಿಯ ಗಾಳಿಗೆ
ಜಾಲರಿ ಜಾಲರಿಯ ಮೇಲೆ ಸಿಹಿಗೆಣಸಿನ ಹೋಳು ಒಣಗುತ್ತಿವೆ.
ತೆರುನುಮಾ ಅವರ ಕೋಟಿನ ಜೇಬಲ್ಲೂ ನಾಲ್ಕು,
ರಾತ್ರಿ ಪಾಳಿಗೆ.

ಕಾಂಕ್ರೀಟಿನ ಹಿಂದೆ ನಮ್ಮ ಪೀಪಾಯಿ, ಗಾಳಿ ಹೀರಿ ತೆಗೆದದ್ದು.
ಅದರೊಳಗೆ ಬಂದು ಸಾಯುತ್ತದೆ ಕೇಯಾನು.
ಬಂದ ಹೆಜ್ಜೆ ಕಾಣದು, ವಿದ್ಯುತ್ತಿನ ಸೋಂಕಿಲ್ಲ.
ಮೂರು ಸಾವಿರ ಕೋಟಿ ಸಲ ಸತ್ತರೆ
ಒಂದು ಸಲ, ಲೆಕ್ಕದ ಪ್ರಕಾರ,
ಎರಡೇ ಎರಡು ಮಿಂಚು ಹರಳಿನ ಗೋಡೆಗೆ ಬಡಿದು
ಉಳಿದದ್ದು ಯಾರಿಗೂ ತಿಳಿಯದೆ ದಾಟಿಹೋಗಬೇಕು.
ಅದಕ್ಕಿಂತ ಹೆಚ್ಚು ಸಲ ಹಾಗಾದರೆ
ಲೆಕ್ಕ ಬರೆದವರು ಕಾಣದ ಯಾರೋ
ಮನೆಯೊಳಗೆ ಇದ್ದಾರೆ.

ಸುತ್ತಲೂ ಕಾವಲು.
ಕಾವಲಿನವರಿಗೆ ಬರುವುದು ಒಂದೇ ಮಾತು:
ಮೂರು ಮಿಂಚೆ? ಅಲ್ಲ.
ಬದಿಯಲ್ಲಿ ಕಿಡಿಯೆ? ಅಲ್ಲ.
ದಾರಿ ತಪ್ಪಿದ ನ್ಯೂಟ್ರಾನು? ಅದೂ ಅಲ್ಲ.
ರಾತ್ರಿಯಿಡೀ ಅಲ್ಲಗಳ ರಾಶಿ,
ನಾನು ತೂರುತ್ತ ಕೂತಿದ್ದೇನೆ, ಕಾಳು ಕಂಡಿಲ್ಲ.
ಅಲ್ಲ ಎನ್ನಲು ಒಂದು ಕಿಡಿ ಸಾಕು.
ಇಲ್ಲ ಎನ್ನಲು ವರ್ಷಗಳು ಬೇಕು.

ನಾಲ್ಕನೆಯ ವರ್ಷ ಚೌಕ ತೆರೆದೆವು.
ಅಲ್ಲಿಯವರೆಗೆ ಅದಕ್ಕೆ ಕಪ್ಪು ಬಳಿದಿತ್ತು,
ನಮ್ಮ ಆಸೆ ಒಳಗೆ ಕೈಯಾಡಿಸೀತೆಂದು.
ಬೆಳಗಿನ ಜಾವ ಐದೂಕಾಲು.
ಒಳಗೆ ಒಂದು ಚುಕ್ಕೆ.

ಚಪ್ಪಾಳೆ ಬೀಳಲಿಲ್ಲ.
ಹಗಿಯಾ ಚಿನಾತ್ಸು ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು.
ಯಾರೋ ಹೀಟರು ಆರಿಸಿದರು, ಯಾಕೋ.

ಹನ್ನೊಂದು ವಾರ ಆ ಚುಕ್ಕೆಯ ಜಾತಕ ಬಿಡಿಸಿದೆವು,
ತಂತಿ ತಂತಿಯನ್ನೂ ಹಿಡಿದು, ಗಡಿಯಾರಗಳಿಗೆ ಗಡಿಯಾರ ಹೊಂದಿಸಿ.
ಕೊನೆಗೆ ಪೀಪಾಯಿಯ ಬದಿಯಿಂದ ಹೊರಬಂದ ತೆರುನುಮಾ,
ಕೈ ಒರೆಸಿಕೊಳ್ಳುತ್ತ, ಯಾರನ್ನೂ ನೋಡದೆ:
“ಎಪ್ಪತ್ತಾರನೆಯ ಕಾವಲು. ನಾನೇ ಅಂಟಿಸಿದ್ದು.
ಚಳಿಗೆ ಅಂಟು ಬಿಟ್ಟಿದೆ.
ಅವತ್ತು ಅದು ಕೂಗಿದೆ,
ನಮಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿಲ್ಲ.”

ಚುಕ್ಕೆ ಅಳಿಸಿದೆವು.
ಲೇಖನದಲ್ಲಿ ನಿಂತದ್ದು ಒಂದು ಸಾಲು:
ಇದ್ದರೂ, ಇಷ್ಟಕ್ಕಿಂತ ಹೆಚ್ಚಿಲ್ಲ.
ನಕ್ಷೆಯ ಮೇಲೆ ಹೊಸ ಗೆರೆ,
ಹಳೆಯದಕ್ಕಿಂತ ಬೆರಳಗಲ ಕೆಳಗೆ.

ಖಾಲಿ ಚೌಕದ ಪ್ರತಿಯೊಂದನ್ನು ಕೇಳಿ ಒಯ್ದರು ತೆರುನುಮಾ.
ಗೆಣಸಿನ ಕೊಟ್ಟಿಗೆಯಲ್ಲಿ, ತಕ್ಕಡಿಯ ಹಿಂದಿನ ಗೋಡೆಗೆ ಹಚ್ಚಿದ್ದಾರೆ.
“ಇದರಲ್ಲಿ ಏನೂ ಇಲ್ಲವಲ್ಲ” ಎಂದರಂತೆ ಹೆಂಡತಿ ಮಿಸಾವೊ,
ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು ಬಗ್ಗಿ ನೋಡುತ್ತ.
“ಹೌದು” ಎಂದರಂತೆ ಇವರು,
“ನೋಡಿದ್ದೇವೆ.”