ಯಾವ ಕಣ?

ಮೂಡಿಗೆರೆ ಆಸ್ಪತ್ರೆಯ ಲ್ಯಾಬಿನಲ್ಲಿ
ಎಣಿಸುವ ಯಂತ್ರ ಕೆಟ್ಟು ಇವತ್ತಿಗೆ ನಾಲ್ಕು ದಿನ.
ಕಣ್ಣೇ ಗತಿ.

ಹೊನ್ನಾಜಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.
ಪರವಾಗಿಲ್ಲ, ಹಾಕ್ಕೊಂಡೇ ಬನ್ನಿ ಅಂದೆ.
ಬರಿಗಾಲಲ್ಲೇ ಬಂದು ಕೂತಳು,
ಸೂಜಿಗೆ ತೋಳು ಕೊಟ್ಟು ಗೋಡೆಯ ಕಡೆ ಮುಖ ಮಾಡಿದಳು.

ಮೊನ್ನೆಯ ಚೀಟಿ ನೋಡಿ ಹೇಳಿದೆ:
ಬಿಳಿ ಕಣ ಕಡಿಮೆ ಇದೆ ಅಮ್ಮಾ,
ಇನ್ನೊಂದು ಸಲ ನೋಡಬೇಕು.

ಯಾವ ಕಣ? ಅಂದಳು.
ನಮ್ ತೋಟದಲ್ಲಿ ಮೂರದೆ. ಸಿಮೆಂಟಿಂದು ಎರಡು.
ಬಿಳೀದು ಅಂದ್ರೆ ಬಂಗಲೆ ಪಕ್ಕದ್ದಾ?
ಅದೆಂಗೆ ಕಡಿಮೆ ಆಯ್ತದೆ ಕಣವ್ವಾ,
ಎಲ್ಲಕ್ಕಿಂತ ದೊಡ್ಡದು ಅದೇಯ.

ನಗಬಾರದಿತ್ತು. ನಕ್ಕೆ.
ಅವಳೂ ನಕ್ಕಳು, ನನ್ನನ್ನು ಒಬ್ಬಳನ್ನೇ ನಗಲು ಬಿಡಬಾರದೆಂದು.

ರಕ್ತದೊಳಗೆ ಕಣ ಇರುತ್ತೆ ಅಂತ ಹೇಗೆ ಹೇಳಲಿ,
ಮೂವತ್ತೊಂದು ಕುಯ್ಲು ಕಣದೊಳಗೇ ಇದ್ದವಳಿಗೆ?
ಮಂಜು ಏಳುವ ಹೊತ್ತಿಗೆ ಟಾರ್ಪಾಲು ಸರಿಸಿ,
ಗಂಟೆಗೊಮ್ಮೆ ಪಾದದಲ್ಲೇ ಗೆರೆ ಎಳೆಯುತ್ತ ಕಾಫಿ ತಿರುವಿ,
ಒಂದು ಹಣ್ಣು ಹೆಕ್ಕಿ ಕಿವಿಯ ಹತ್ತಿರ ಅಲ್ಲಾಡಿಸಿ,
ಒಳಗೆ ಗಲಗಲ ಅಂದರೆ ಒಣಗಿತು,
ಸುಮ್ಮನಿದ್ದರೆ ಇನ್ನೊಂದು ಬಿಸಿಲು.

ಕಿಟಕಿಯಾಚೆ ಜೀಪಿನ ಮೈಕು:
ಕಣದಲ್ಲಿ ಉಳಿದವರು ಏಳು ಮಂದಿ, ಮತದಾರ ಬಾಂಧವರೇ...

ಏಳು ಜನಾನಾ? ಅಂದಳು.
ಒಬ್ಬರಾದ್ರೂ ಗೋರುಮಣೆ ಹಿಡಿದಿದ್ದು ಕಾಣೆ.
ಹೋದ ಸಲ ಗೆದ್ದೋನು ರವಿಕೆ ಕಣ ಹಂಚಿದ್ದ, ಹಸಿರುದು.
ಒಂದು ತೋಳಿಗೂ ಸಾಲಲಿಲ್ಲ.
ಅದೇ ತೋಳಿನ ಮೇಲೆ
ಹತ್ತಿ ಒತ್ತಿ ಹಿಡಿದಿದ್ದಳು.

ಬೀರೂರಿನ ಹೈಸ್ಕೂಲಿನಲ್ಲಿ ನಮ್ಮ ಸೈನ್ಸ್ ಮೇಷ್ಟ್ರು
ಸೀಮೆಸುಣ್ಣ ಪುಡಿ ಮಾಡಿ ಅಂಗೈಯಿಂದ ಊದಿ,
ಒಡೆದಷ್ಟೂ ಕಣ, ಕಣದೊಳಗೂ ಕಣ,
ಕೊನೆಯದನ್ನು ಕಂಡವರಿಲ್ಲ ಅಂದಿದ್ದರು.
ಆಮೇಲೆ ಕನ್ನಡದ ಮೇಡಂ ಬಂದು
ಆ ಧೂಳಿನಲ್ಲೇ ಸೀನುತ್ತ ಬೋರ್ಡಿನ ಮೇಲೆ ಬರೆದರು: ಕಣಾ, ಅವ್ಯಯ.
ಅರ್ಥ ಹುಡುಕಬೇಡಿ,
ಮಾತಿಗೆ ಒತ್ತು ಕೊಡೋಕೆ ಬರುತ್ತೆ, ಅಷ್ಟೆ.
ಎರಡನ್ನೂ ಉರು ಹೊಡೆದೆ.
ಪರೀಕ್ಷೆಗೆ ಎರಡೂ ಬರಲಿಲ್ಲ.

ಈಗ ಮಸೂರದ ಕೆಳಗೆ
ಸಣ್ಣ ಗೆರೆ ಕೊಯ್ದ ಗಾಜಿನ ಅಂಗಳ,
ಯಾರೋ ಬೆಳಿಗ್ಗೆಯೇ ಗುಡಿಸಿ ಚೌಕ ಹಾಕಿಟ್ಟ ಹಾಗೆ.
ಎಡಗೆರೆಯ ಮೇಲೆ ಕೂತದ್ದನ್ನು ಎಣಿಸಬೇಕು,
ಬಲಗೆರೆಯದನ್ನು ಬಿಡಬೇಕು. ಇದು ನಿಯಮ.
ಒಂದು ಚೌಕ ಖಾಲಿ.
ಅದರ ಪಕ್ಕದ್ದೂ.

ಬೆಂಚಿನಿಂದ ಅವಳ ದನಿ:
ಎಣಿಸ್ತಿದ್ದೀಯಾ? ಒಂದು ಅಂತ ಶುರು ಮಾಡಬ್ಯಾಡ ಕಣವ್ವಾ.
ಕಣದಲ್ಲಿ ಮೊದಲ್ನೇ ಕೊಳಗಕ್ಕೆ ಒಂದು ಅನ್ನಲ್ಲ.

ಗೊತ್ತು.
ಅಪ್ಪ ರಾಗಿ ಅಳೆಯುವಾಗ
ಮೇಟಿಗೆ ಆತು ನಿಂತು ಕೇಳಿದ್ದೇನೆ.
ಇಲ್ಲಿಯ ರಿಜಿಸ್ಟರಿನಲ್ಲಿ ಆ ಅಂಕಿಗೆ ಕಾಲಂ ಇಲ್ಲ.

ಮೂಲೆಯ ಚೌಕದಲ್ಲಿ, ಎಡಗೆರೆಗೆ ಒರಗಿ,
ಮಸುಕಾದ ಒಂದು ಚುಕ್ಕೆ.

ಲಾಭ, ಅಂದೆ, ತುಟಿ ಅಲ್ಲಾಡಿಸದೆ.
ಎರಡಕ್ಕಾಗಿ ಗಾಜು ಸರಿಸಿದೆ.