ಹನ್ನೊಂದನೆಯ ಭಾನುವಾರ

ಅರಸೀಕೆರೆಯಿಂದ ಮೊದಲ ಬಸ್ಸು. ಹಾರೆಗೂ ಟಿಕೆಟ್ ಹರಿದು
ಕಂಡಕ್ಟರು ಕೇಳಿದ: "ನಿಧಿ ಸಿಕ್ತಾ?"
"ಸಿಕ್ತಪ್ಪ, ಮಂಕರಿಗಟ್ಟಲೆ ಮಣ್ಣು."

ಗವಿಯ ಬಾಯಿ ಯಾವ ಮಳೆಗೆ ಕುಸಿಯಿತೋ,
ಕುರಿ ಕಾಯುವ ಹಾಲಪ್ಪನ ಅಜ್ಜನ ಕಾಲಕ್ಕೇ ಮುಚ್ಚಿತ್ತಂತೆ.
ನಾವು ನಾಲ್ವರು: ಬೋರ್‌ವೆಲ್ ಮೆಕ್ಯಾನಿಕ್ ಇಮ್ತಿಯಾಜ್,
ಅಂಚೆಯ ಗಂಗಾಂಬಿಕೆ, ಡ್ರಿಲ್ ಮೇಷ್ಟ್ರು ಪುಟ್ಟನರಸಯ್ಯ,
ಮತ್ತು ಸಣಕಲು ಎಂಬ
ಒಂದೇ ಅರ್ಹತೆಯ ನಾನು.

ಕಲ್ಲು, ಮಂಕರಿ, ಕೈಯಿಂದ ಕೈಗೆ.
ಹಾರೆಗೆ ಮಿಸುಕದ ಬಂಡೆಗೆ ಜ್ಯಾಕ್ ಕೊಟ್ಟು
ಇಮ್ತಿಯಾಜ್ ಅದರೊಂದಿಗೆ ಮಾತಾಡುತ್ತಾನೆ,
ಹಟ ಹಿಡಿದ ಎಮ್ಮೆಯೊಂದಿಗೆ ಆಡುವಂತೆ.

ನಾಲ್ಕನೆಯ ವಾರ ಗಂಗಾಂಬಿಕೆ ಬಿರುಕಿಗೆ
ಊದಿನಕಡ್ಡಿ ಹಿಡಿದಿದ್ದಳು.
ಪೂಜೆಗಲ್ಲ.
ಹೊಗೆ ಮೇಲೇರಲಿಲ್ಲ, ಒಳಕ್ಕೆ ಬಾಗಿತು.
ಆ ಸಂಜೆ ಬಸ್ಸು ತಪ್ಪಿತು.

ಇವತ್ತು ಹೊಟ್ಟೆಯ ಮೇಲೆ ತೆವಳಿದೆ.
ಉಸಿರು ಪೂರಾ ಬಿಟ್ಟರೆ ಮಾತ್ರ
ಎದೆ ಹಿಡಿಸುವಷ್ಟು ಜಾಗ.
ಆಮೇಲೆ ಕೂರುವಷ್ಟಾಯಿತು. ಟಾರ್ಚು ಆರಿಸಿದೆ.
ಮೇಲೆ, ಬಹಳ ಮೇಲೆ, ಬೋಂಡಾದ ದುಡ್ಡು ಯಾರದೆಂಬ ಜಗಳ.
ಇಲ್ಲಿ ಮಡಿಕೆ ಬಿಚ್ಚದ ಕತ್ತಲೆ;
ನನ್ನ ಕೈ ನನ್ನದೆಂದು ಮುಟ್ಟಿಯೇ ತಿಳಿಯಬೇಕು.
ಮುಟ್ಟಲು ಹೋದರೆ ಸಿಕ್ಕಿದ್ದು
ಮುಳ್ಳುಹಂದಿಯ ಒಂದು ಮುಳ್ಳು.

"ಏನಿದೆ ಒಳಗೆ?" ಹಗ್ಗ ಜಗ್ಗಿದರು ಮೇಷ್ಟ್ರು.

ಹನ್ನೊಂದು ಭಾನುವಾರಕ್ಕೆ ಹದಿಮೂರು ಮೊಳ.
ಅದರಾಚೆ ಮತ್ತೆ ಕುಸಿದ ಕಲ್ಲು.
ಕಿಸೆಯ ಕಡ್ಡಿ ಹಚ್ಚಿದೆ.
ನನ್ನ ಮುಖ ಬಳಸಿ ಹೊಗೆ
ಕಲ್ಲುಗಳ ಸಂದಿಗೆ ನಡೆದುಬಿಟ್ಟಿತು,
ಕರೆಯದೆಯೂ ಮನೆ ಗೊತ್ತಿರುವ ನೆಂಟನ ಹಾಗೆ.

"ಮಂಕರಿ ಇಳಿಸಿ," ಎಂದೆ.