ತಿಸರೆ ತಟ್ಟಿ ನೋಡುವುದು

ನೀನು ಕಳಿಸಿದ್ದು ಬಂತು.
ಮುನ್ನೂರ ನಲವತ್ತು.
ಡಾಲರಲ್ಲ, ಡಾಲರಿನ ಹಾಗೆ ನಿಂತಿರುವ ಏನೋ ಒಂದು.
ಏರುವುದಿಲ್ಲ, ಇಳಿಯುವುದಿಲ್ಲ, ಲಂಗರು ಹಾಕಿದ ದೋಣಿ ಎಂದಿದ್ದೆ.
ಲಂಗರಿನ ಹಗ್ಗ ಯಾರ ಕೈಯಲ್ಲಿದೆ ಎಂದು ಕೇಳುವಷ್ಟರಲ್ಲಿ
ನೆಟ್‌ವರ್ಕ್ ಹೋಯಿತು.

ಈ ಹಡಗಿನಲ್ಲಿ ಸಂಬಳ ಹೀಗೇ ಅಂತೆ.
ಬಾವುಟ ಯಾವುದೋ, ಮೈಮೇಲಿನ ಹೆಸರನ್ನೂ
ಎರಡು ಸಲ ಅಳಿಸಿ ಬರೆದರಂತೆ.
ನಿನ್ನದಾದರೂ ಅದೇ ಇದೆಯಲ್ಲ, ತಾಂಡೇಲ?

ಕೋಡಿಬಾಗದ ಇಳಿಜಾರಿನಲ್ಲಿ ಇನಾಸನ ಅಂಗಡಿ.
ಝೆರಾಕ್ಸು, ರಿಚಾರ್ಜು, ಬೇಸಿಗೆಯಾದರೆ ಕೋಕಂ ಬಾಟಲಿ.
ಬುಟ್ಟಿ ಹೊರಗಿಟ್ಟು, ಸೆರಗಿಗೆ ಬೆರಳೊರೆಸಿ
(ಒದ್ದೆ ಬೆರಳಿನ ಗುರುತು ಆ ಗಾಜಿಗೆ ಹತ್ತುವುದಿಲ್ಲ)
ಮಾರಲು ಕೂತೆ.

ಸೇತುವೆಯ ಬುಡದಲ್ಲಿ ತಿಸರೆ ಮಾರುವಾಗ
ಗಿರಾಕಿಗೆ ಮುಖವಿರುತ್ತದೆ.
ಇವಳ ಮನೆಗೆ ನೆಂಟರು, ಇವನ ಹೆಂಡತಿ ಬಸುರಿ,
ಇವನು ಸುಮ್ಮನೆ ದರ ಕೇಳಿ ಹೋಗುವವನು.
ಇಲ್ಲಿ ದರವಷ್ಟೇ, ಒಂದರ ಕೆಳಗೊಂದು.
ಎಂಬತ್ತೊಂಬತ್ತು. ಎಂಬತ್ತೊಂಬತ್ತೂಕಾಲು.
ತೊಂಬತ್ತೆರಡು ಕೊಡುತ್ತೇನೆಂದವನ ಹೆಸರಿನೆದುರು
ಎರಡೇ ವ್ಯವಹಾರ. ಬಿಟ್ಟೆ ಅವನನ್ನು.
ಕೇಳಿದ್ದಕ್ಕಿಂತ ಜಾಸ್ತಿ ಕೊಡುವವನು
ನಾಳೆ ಬರುವವನಲ್ಲ ಎನ್ನುತ್ತಿದ್ದಳು ಆಜಿ.

ಹಿರೇನ್ ಎಂಬವನನ್ನು ಒತ್ತಿದೆ. ಆರುನೂರು ವ್ಯವಹಾರ, ಹಸಿರು ಚುಕ್ಕೆ.
ಹದಿನೈದು ನಿಮಿಷದ ಗಡಿಯಾರ ಹಿಂದಕ್ಕೆ ಓಡತೊಡಗಿತು.
ನಿನ್ನ ಮುನ್ನೂರ ನಲವತ್ತು
ಅವನದೂ ಅಲ್ಲದ ನನ್ನದೂ ಅಲ್ಲದ ಜಾಗದಲ್ಲಿ
ಭರತಕ್ಕೂ ಇಳಿತಕ್ಕೂ ನಡುವೆ ಕಾಳಿ ನಿಲ್ಲುತ್ತಾಳಲ್ಲ,
ಹಾಗೆ ನಿಂತಿತು.

ಪೊರ್ತುಗೀಸರ ಕಾಲದಲ್ಲಿ ಆಜಿ
ಒಣಮೀನು ಹೊತ್ತು ಗಡಿ ದಾಟಿ,
ಅವರ ನಾಣ್ಯ ತಂದು, ಮಾಜಾಳಿಯಲ್ಲಿ
ನಮ್ಮದು ಮಾಡಿಸಿಕೊಳ್ಳುತ್ತಿದ್ದಳಂತೆ.
ಬದಲಿಸಿ ಕೊಟ್ಟವನ ಎದುರೇ ಕಚ್ಚಿ ನೋಡುವಳು.
ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಅವನೂ ಕಚ್ಚುವನು.
ಸಾಯುವಾಗ ಅವಳಿಗೆ ಉಳಿದದ್ದು ಎರಡು ಹಲ್ಲು.

ಟಿಣ್.
ಮೂವತ್ತು ಸಾವಿರದ ಮುನ್ನೂರ ನಲವತ್ತೈದು.
ಬರೀ ಚಿತ್ರವಲ್ಲ, ಬ್ಯಾಂಕಿನಲ್ಲೇ ಇದೆ, ಇನಾಸ ಎರಡು ಸಲ ನೋಡಿದ.
ಕಳಿಸಿದವರು ಮಾತ್ರ ಹಿರೇನ್ ಅಲ್ಲ.
ನೀಲವ್ವ ಫ. ಹೊಂಬಳ.

ಯಾವ ಊರಿನವಳೋ.
ಫೋನಿನಲ್ಲಿ ಸಾಹೇಬರ ದನಿ ಹೆದರಿಸಿತೋ,
ಆರು ಅಂಕಿ ಹೇಳಿಬಿಟ್ಟಳೋ,
ಅಥವಾ ಹಿರೇನನ ಮನೆಯಲ್ಲೇ ಕಸ ಗುಡಿಸುತ್ತಾ
ಖಾತೆಯ ಮೇಲೆ ಬರೀ ಹೆಸರಾಗಿರುವವಳೋ.
ಒಂಬತ್ತು ನಿಮಿಷ.
ಪರದೆಯ ತುಂಬ ಒಂದೇ ಗುಂಡಿ: ಬಿಡುಗಡೆ.
‘ಬೇಗ ಅಕ್ಕಾ’ ಎಂದು ಬರೆದ ಹಿರೇನ್,
ಹಿಂದೆಯೇ ಮುಗಿದ ಎರಡು ಕೈ.

ತಿಸರೆಯಲ್ಲೂ ಇರುತ್ತದೆ, ನಿನಗೆ ಗೊತ್ತು,
ಒಳಗಿನ ಜೀವ ಯಾವಾಗಲೋ ಸತ್ತು
ಕೆಸರು ತುಂಬಿ ಬಾಯಿ ಬಿಗಿದುಕೊಂಡದ್ದು.
ಬಣ್ಣ ಅದೇ, ತೂಕ ಒಂದು ಗುಂಜಿ ಜಾಸ್ತಿಯೇ.
ಎರಡು ಹಿಡಿದು ತಟ್ಟಬೇಕು, ಕಿವಿ ಕೊಡಬೇಕು.
ಮಂಕು ದನಿಯದನ್ನು ಎಸೆಯದಿದ್ದರೆ
ಗಡಿಗೆಯ ಸಾರೆಲ್ಲ ಮಣ್ಣು.

ತಟ್ಟಿ ನೋಡಿದೆ.
ಹಿರೇನ್. ನೀಲವ್ವ.

ಬೈತಖೋಲದ ಗುಲಾಬಿಯ ಖಾತೆ ಹೀಗೇ ಹೆಪ್ಪುಗಟ್ಟಿದ್ದು,
ಐಸಿನಡಿಯ ಬಂಗಡೆಯ ಹಾಗೆ:
ಕಣ್ಣು ತೆರೆದೇ ಇದೆ, ಅಂಕಿ ಕಾಣುತ್ತದೆ,
ಮುಟ್ಟುವಂತಿಲ್ಲ. ಆ ಹೆದರಿಕೆಗೇ ಬಿಡಲಿಲ್ಲ ಎಂದರೆ
ಅರ್ಧ ನಿಜ.
ಇನ್ನರ್ಧ ಹೇಳಲು ಬರುವುದಿಲ್ಲ ನನಗೆ.
ಆ ಹೆಸರಿನ ತುದಿಯಲ್ಲಿ ಒಬ್ಬ ಅವ್ವ ಕೂತಿದ್ದಳು.

‘ದುಡ್ಡು ಬಂತಲ್ಲ, ಒತ್ತು’ ಎಂದ ಇನಾಸ.
ನಾನು ಕೆಳಗೆ ಸಣ್ಣಕ್ಷರದಲ್ಲಿದ್ದ ‘ತಕರಾರು’ ಒತ್ತಿದೆ.
ಹಿರೇನನ ಮುಗಿದ ಕೈ ಬಿಚ್ಚಿಕೊಂಡು
ಕೆಟ್ಟ ಮಾತಾಯಿತು. ಹಿಂದಿಯಲ್ಲಿ. ಅದನ್ನಿಲ್ಲಿ ಬರೆಯುವುದಿಲ್ಲ.

ಹಾಗಾಗಿ ಈಗ ರೂಪಾಯಿ ನನ್ನ ಖಾತೆಯಲ್ಲಿದೆ, ನನ್ನದಲ್ಲ.
ನಿನ್ನ ಆರು ವಾರದ ಎಂಜಿನ್ ಕೋಣೆ ನಡುನೀರಿನಲ್ಲಿದೆ.
ನಾಳೆ ಬ್ಯಾಂಕಿಗೆ ಹೋಗಬೇಕು, ಅಲ್ಲಿಂದ ಪೊಲೀಸರು ಎಲ್ಲಿಗೆ ಎನ್ನುತ್ತಾರೋ ಅಲ್ಲಿಗೆ.
ಏನು ಎಂದು ಕೇಳಿದರೆ ಯಾವ ಭಾಷೆಯಲ್ಲಿ ಹೇಳಲಿ,
ಲಂಗರು, ದೋಣಿ, ಹಗ್ಗ?

ಸಂಜೆ ತಿಸರೆ ಮಾರಿದ್ದು ಇನ್ನೂರ ಹತ್ತು.
ಅದರಲ್ಲಿ ಹತ್ತು, ನೆಟ್ಟಿನ ಬಾಬ್ತು, ಇನಾಸನಿಗೆ ಕೊಟ್ಟೆ.
ಒದ್ದೆ ನೋಟು, ನದಿಯ ವಾಸನೆ.
ಅವನದನ್ನು ಬಲ್ಬಿಗೆ ಹಿಡಿದು ನೋಡಿದ.

ನನಗೆ ಸಿಟ್ಟು ಬರಲಿಲ್ಲ.